ಸೊಕ್ಕೆಯಿಂದ ಸಮುದ್ರಕ್ಕೆ, ಹಿಂದಿನ ಸೀಟಿನಲ್ಲಿ

ಬೆಳಗಿನ ಜಾವ ನಾಲ್ಕೂ ಕಾಲು. ಸೊಕ್ಕೆಯ ನಮ್ಮ ಓಣಿಯಲ್ಲಿ ಇನ್ನೂ ಕೋಳಿ ಕೂಗಿಲ್ಲ. ಗಾಡಿ ಬರುವುದು ಮೊದಲು ನಾಯಿಗಳಿಗೆ ಗೊತ್ತಾಗುತ್ತದೆ, ಆಮೇಲೆ ಅವ್ವನಿಗೆ. ‘ಬಂತು ನೋಡು’ ಎಂದು ಹಾಸಿಗೆ ಚೀಲದ ಮೇಲಿಂದ ಏಳುತ್ತಾಳೆ. ಜಗಳೂರಿನ ದಿಕ್ಕಿನಿಂದ ಡೀಸೆಲ್ ಎಂಜಿನ್ನಿನ ಸದ್ದು ಹತ್ತಿರವಾಗುತ್ತಿದೆ. ಈ ಊರಿಗೆ ಆ ಸದ್ದು ಹೊಸದಲ್ಲ. ಟ್ರ್ಯಾಕ್ಟರಿನದೂ ಅದೇ, ಮೆಕ್ಕೆಜೋಳ ಒಕ್ಕುವ ಮಿಷನ್ನಿನದೂ ಅದೇ. ಆದರೆ ಇದು ಕಂಬಳಿ ಹೊದ್ದುಕೊಂಡ ಸದ್ದು. ತಿರುವಿನಲ್ಲಿ ಎರಡು ದೀಪ ಕಾಣುತ್ತವೆ, ಹಳದಿ ಬೋರ್ಡು ಕಾಣುತ್ತದೆ. ದಾವಣಗೆರೆಯಿಂದ ಮೂರು ದಿನಕ್ಕೆ ಬಾಡಿಗೆಗೆ ಹಿಡಿದ ಇನ್ನೋವಾ ಕ್ರಿಸ್ಟಾ ನಮ್ಮ ಕಟ್ಟೆಯ ಮುಂದೆ ನಿಲ್ಲುತ್ತದೆ.

ದೀಪಾವಳಿ ಕಳೆದು ಹದಿನೈದು ದಿನ. ಜೋಳ ಮಾರಿ ಆಗಿದೆ. ಅವ್ವ ಎಪ್ಪತ್ತನಾಲ್ಕು ವರ್ಷಕ್ಕೆ ಇನ್ನೂ ಸಮುದ್ರ ನೋಡಿಲ್ಲ. ನಾವು ಏಳು ಜನ: ಅವ್ವ, ಅಕ್ಕ, ಬಾವ, ನನ್ನ ಹೆಂಡತಿ, ನಾನು, ಅಕ್ಕನ ಮಗ, ನನ್ನ ಮಗಳು. ಡ್ರೈವರ್ ಸೇರಿ ಎಂಟು. ಗಾಡಿಯಲ್ಲೂ ಎಂಟೇ ಸೀಟು. ಫೋನಿನಲ್ಲಿ ಲೆಕ್ಕ ಸರಿಹೋಗಿತ್ತು. ಈಗ ಹಿಂದಿನ ಬಾಗಿಲು ಎತ್ತಿದ ಮೇಲೆ ಸಂಗತಿ ತಿಳಿಯುತ್ತದೆ. ಮೂರನೇ ಸಾಲಿನ ಸೀಟಿನ ಬೆನ್ನಿಗೂ ಬಾಗಿಲಿಗೂ ನಡುವೆ ಉಳಿದಿರುವುದು ನಿಂತ ಸೂಟ್‌ಕೇಸು ಹಿಡಿಯುವಷ್ಟು ಸಂದಿ. ನಮ್ಮದೋ, ರೊಟ್ಟಿ ಗಂಟು, ಶೇಂಗಾ ಚಟ್ನಿ ಡಬ್ಬಿ, ಎರಡು ಹಾಸಿಗೆ ಚೀಲ, ದೇವರಿಗೆಂದು ಎತ್ತಿಟ್ಟ ಹತ್ತು ಸೇರು ಅಕ್ಕಿ, ತೆಂಗಿನಕಾಯಿ, ನೀರಿನ ಕ್ಯಾನು.

‘ಕ್ಯಾರಿಯರ್ ಐತಿ ಅಣ್ಣ, ಮ್ಯಾಲೆ ಕಟ್ಟಾನ,’ ಎನ್ನುತ್ತಾನೆ ಡ್ರೈವರ್ ಹುಡುಗ. ಜೋಳ ಒಣಗಿಸಿದ್ದ ತಾಡಪಾಲನ್ನೇ ಮಡಚಿ ಮೇಲೆ ಹೊದಿಸುತ್ತೇವೆ.

ಅವ್ವನನ್ನು ಹತ್ತಿಸುವುದು ದೊಡ್ಡ ಕೆಲಸ. ಈ ಗಾಡಿಯ ಮೈ ಕೂತಿರುವುದು ಲಾರಿಗಳಲ್ಲಿ ಇರುವಂಥ ಉದ್ದ ಕಬ್ಬಿಣದ ಚೌಕಟ್ಟಿನ ಮೇಲೆ. ಹಾಗಾಗಿ ಒಳಗಿನ ನೆಲ ಎತ್ತರ. ಗುಂಡಿ ರಸ್ತೆಗೆ ಅದು ಒಳ್ಳೆಯದು, ಮಂಡಿ ನೋವಿನವರಿಗೆ ಕಷ್ಟ. ‘ಅಜ್ಜಿ, ಈ ಹಿಡಿ ಹಿಡ್ಕೊಳ್ರಿ, ಮೊದ್ಲು ಎಡಗಾಲು ಇಡ್ರಿ’ ಎಂದು ಹುಡುಗ ಬಾಗಿಲ ಪಕ್ಕದ ಹಿಡಿ ತೋರಿಸುತ್ತಾನೆ. ಅವ್ವ ಮೆಟ್ಟಿಲ ಮೇಲೆ ಕಾಲಿಟ್ಟು, ಒಂದು ಕ್ಷಣ ನಿಂತು, ಊರ ಕಡೆ ಕೈ ಮುಗಿದು ಒಳಗೆ ಹೋಗುತ್ತಾಳೆ. ಕೂತ ಮೇಲೆ ಅವಳ ಮೊದಲ ಮಾತು: ‘ರಾತ್ರಿ ನಿದ್ದೆ ಮಾಡಿದ್ಯೇನಪ್ಪಾ?’ ಹುಡುಗ ನಗುತ್ತಾನೆ, ಉತ್ತರ ಹೇಳುವುದಿಲ್ಲ. ಮೂರು ಗಂಟೆಗೆ ದಾವಣಗೆರೆ ಬಿಟ್ಟವನು ಎಷ್ಟು ಮಲಗಿರಬಹುದು?

ಬನ್ನಿ, ನೀವು ನನ್ನ ಜೊತೆ ಹಿಂದಕ್ಕೆ. ನಡುವಿನ ಸೀಟಿನ ಒಂದು ಭಾಗವನ್ನು ಮಗುಚಿದರೆ ಸಂದಿಯಲ್ಲಿ ನುಸುಳಿ ಮೂರನೇ ಸಾಲಿಗೆ ಹೋಗಬಹುದು. ಮಕ್ಕಳು ಬೆಕ್ಕಿನ ಮರಿಗಳ ಹಾಗೆ ನುಗ್ಗಿದ್ದಾರೆ. ನಾವು ಬಗ್ಗಿ, ತಲೆ ತಗ್ಗಿಸಿ, ಸೊಂಟ ತಿರುಗಿಸಿ ಕೂರಬೇಕು. ಕೂತರೆ ಮಂಡಿ ಎದೆಯ ಕಡೆ ಬರುತ್ತದೆ, ತೊಡೆಗೆ ಆಧಾರ ಸಿಗುವುದಿಲ್ಲ. ಬಾಡಿಗೆ ಗಾಡಿಯನ್ನು ಎಲ್ಲರೂ ಹೊಗಳುವುದು ನಡುವಿನ ಸೀಟಿನಲ್ಲಿ ಕೂತು. ನಾನು ಮೂರು ದಿನವೂ ಇಲ್ಲೇ ಕೂರುವವನು, ನನ್ನ ಮಾತೆಲ್ಲ ಇಲ್ಲಿಂದ.

ಜಗಳೂರು ದಾಟಿ ಬಿಳಿಚೋಡಿನ ಹಾದಿ. ಕಿಟಕಿಯಾಚೆ ಕತ್ತಲೆ ತೆಳುವಾಗುತ್ತಿದೆ. ಕೊಯ್ದ ಜೋಳದ ದಂಟು, ಜಾಲಿ, ಕಲ್ಲು ಗುಡ್ಡ. ರಸ್ತೆಯ ಪ್ರತಿ ಹಂಪೂ ಮೊದಲು ಮುಂದಿನವರಿಗೆ ಮಾತಿನಲ್ಲಿ ಬರುತ್ತದೆ, ‘ಹಂಪ್ ಐತಿ’ ಎಂದು. ನಮಗೆ ನೇರ ಬೆನ್ನಿಗೆ ಬರುತ್ತದೆ. ಹಿಂದಿನ ಚಕ್ರ ಇರುವುದು ನಮ್ಮ ಸೀಟಿನ ಅಡಿಯಲ್ಲೇ. ಆದರೂ ಒಂದು ಮಾತು ಒಪ್ಪಬೇಕು. ಖಾಲಿ ಗಾಡಿಯಲ್ಲಿ ಕುಪ್ಪಳಿಸುವ ಹಿಂಭಾಗ, ಎಂಟು ಜನರ ಭಾರ ಬಿದ್ದ ಮೇಲೆ ಮೆತ್ತಗಾಗಿದೆ. ಗುಂಡಿಗೆ ಇಳಿದು ಏಳುವಾಗ ಒಂದೇ ಸಲ ತೂಗುತ್ತದೆ, ಮತ್ತೆ ಮತ್ತೆ ಅಲ್ಲಾಡುವುದಿಲ್ಲ. ಹೊರೆ ಹೊತ್ತಾಗಲೇ ಹದಕ್ಕೆ ಬರುವ ಎತ್ತಿನ ಗಾಡಿಯ ಹಾಗೆ.

ಹೀಗೆ ಜನ, ಹೊರೆ ಎರಡನ್ನೂ ಹೊರಲೆಂದೇ ಇಂಗ್ಲೆಂಡಿನಲ್ಲಿ ಎಸ್ಟೇಟ್ ಕಾರು ಎನ್ನುವುದೊಂದಿದೆ. ಮೇಲ್ಛಾವಣಿ ಬಾಲದವರೆಗೂ ನೇರವಾಗಿ ಹೋಗುವ, ಡಿಕ್ಕಿ ಮತ್ತು ಮನೆ ಒಂದೇ ಆಗಿರುವ ಕಾರು. ಜಮೀನ್ದಾರರ ಎಸ್ಟೇಟಿಗೂ ರೈಲು ನಿಲ್ದಾಣಕ್ಕೂ ಜನ, ಸಾಮಾನು ಸಾಗಿಸಲು ಹುಟ್ಟಿದ ರೂಪ ಅದು. ನಮ್ಮಲ್ಲಿ ಟಾಟಾದವರು 1992ರಲ್ಲಿ ‘ಎಸ್ಟೇಟ್’ ಎಂಬ ಹೆಸರಿನಲ್ಲೇ ಡೀಸೆಲ್ ಕಾರು ತಂದರು, 2004ರಲ್ಲಿ ಇಂಡಿಗೋ ಮರೀನಾ ತಂದರು. ಎರಡೂ ನಿಲ್ಲಲಿಲ್ಲ. ನಮ್ಮ ಜನಕ್ಕೆ ಸಾಮಾನಿಗಿಂತ ಮೊದಲು ಜನ ಹಿಡಿಸಬೇಕು. ಆ ಜಾಗವನ್ನು ತುಂಬಿದ್ದು ಬಿಡದಿಯಲ್ಲಿ ತಯಾರಾದ ಗಾಡಿಗಳು: 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಈ ಕ್ರಿಸ್ಟಾ. ಮದುವೆ, ಆಸ್ಪತ್ರೆ, ಧರ್ಮಸ್ಥಳ, ಮಣ್ಣು, ಯಾವುದಕ್ಕೆ ಹೋಗುವುದಾದರೂ ನಮ್ಮ ಹಳ್ಳಿಗಳಲ್ಲಿ ಬಾಯಿಗೆ ಬರುವ ಹೆಸರು ಇದೇ.

ಹರಿಹರ ದಾಟುವಾಗ ಬೆಳಕು ಹರಿದಿದೆ. ಈ ತಾಲ್ಲೂಕಿನ ದೀಟೂರಿನಿಂದಲೇ ನಮ್ಮ ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ಪೈಪಿನಲ್ಲಿ ಹತ್ತಿಸುವ ಯೋಜನೆ. ಮಲೇಬೆನ್ನೂರು ಬರುವಷ್ಟರಲ್ಲಿ ಕಿಟಕಿಯ ಬಣ್ಣವೇ ಬದಲಾಗಿದೆ. ಎರಡೂ ಕಡೆ ಭದ್ರಾ ನಾಲೆಯ ಗದ್ದೆ, ಆಮೇಲೆ ಅಡಕೆ ತೋಟ. ಅವ್ವ ಗಾಜಿಗೆ ಮುಖ ಒತ್ತಿದ್ದಾಳೆ. ‘ಇಷ್ಟು ನೀರು ಇಲ್ಲಿ ಇಟ್ಕೊಂಡು ಕುಂತಾರಲ್ಲೇ’ ಎನ್ನುತ್ತಾಳೆ ಅಕ್ಕನಿಗೆ. ಒಂದೇ ಜಿಲ್ಲೆಯ ಒಳಗೆ ಎರಡೂವರೆ ಗಂಟೆಯ ದಾರಿ ಇದು. ಹೊನ್ನಾಳಿ ಸೇತುವೆಯ ಮೇಲೆ ಹುಡುಗ ತಾನಾಗಿಯೇ ಗಾಡಿ ನಿಧಾನ ಮಾಡುತ್ತಾನೆ. ಅವ್ವ ಕಿಟಕಿ ಇಳಿಸಿ ಹೊಳೆಗೆ ಒಂದು ರೂಪಾಯಿ ಎಸೆಯುತ್ತಾಳೆ.

ಶಿವಮೊಗ್ಗ, ತೀರ್ಥಹಳ್ಳಿ. ಊಟ ಮುಗಿದಿದೆ, ಮಕ್ಕಳು ನನ್ನ ಎರಡೂ ಭುಜಗಳ ಮೇಲೆ ನಿದ್ದೆ ಹೋಗಿದ್ದಾರೆ. ಆಗುಂಬೆಯಲ್ಲಿ ಅಕಾಲದ ಮಳೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಸುರಿಯುವ ಊರು. ನಮ್ಮ ಜಗಳೂರಿಗೆ ಅದರ ಹತ್ತನೇ ಒಂದು ಪಾಲೂ ಬರುವುದಿಲ್ಲ. ತಲೆಯ ಮೇಲೆ ತಾಡಪಾಲು ಪಟಪಟ ಬಡಿಯತೊಡಗುತ್ತದೆ. ಮಾತು ಕೇಳಿಸುವುದಿಲ್ಲ. ಹಗ್ಗ ಎಲ್ಲೋ ಸಡಿಲಾಗಿದೆ. ಹುಡುಗ ನಿಲ್ಲಿಸಿ, ನೆನೆಯುತ್ತಲೇ ಟೈರಿನ ಮೇಲೆ ಹತ್ತಿ ಬಿಗಿಯುತ್ತಾನೆ. ನಾನು ಇಳಿದು ಸಹಾಯ ಮಾಡಬೇಕೆಂದರೆ ಅಕ್ಕ ಇಳಿಯಬೇಕು, ಸೀಟು ಮಗುಚಬೇಕು, ಆಮೇಲೆ ನಾನು. ಅಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತದೆ. ಮೂರನೇ ಸಾಲಿನ ದೊಡ್ಡ ಕೊರತೆ ಇದು: ಅಲ್ಲಿ ಕೂತವನು ಇನ್ನೊಬ್ಬರ ದಯೆಯಿಲ್ಲದೆ ಇಳಿಯಲಾರ.

ಈಗ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು. ಹುಡುಗ ಎರಡನೇ ಗೇರಿಗೆ ಇಳಿಸುತ್ತಾನೆ. ಕೇಳಿ, ಎಂಜಿನ್ನಿನ ಸದ್ದು ಗುರ್ ಎಂದು ಏರುತ್ತದೆ, ಗಾಡಿಯ ಓಟ ಇಳಿಯುತ್ತದೆ. ಬ್ರೇಕಿಗೆ ಕಾಲು ಸೋಕಿದಂತೆ ಮಾತ್ರ. ಇಷ್ಟು ಜನ ತುಂಬಿದ ಎರಡು ಟನ್ನಿಗೂ ಮೀರಿದ ಭಾರವನ್ನು ಎಂಜಿನ್ನೇ ಹಿಂದಕ್ಕೆ ಜಗ್ಗಿ ಹಿಡಿದಿದೆ. ನಮ್ಮ ಮುಂದಿನ ಕಾರೊಂದು ಪ್ರತಿ ತಿರುವಿನಲ್ಲೂ ಕೆಂಪು ದೀಪ ಹೊತ್ತಿಸುತ್ತ, ಬ್ರೇಕು ಸುಟ್ಟ ವಾಸನೆ ಬಿಡುತ್ತ ಇಳಿಯುತ್ತಿದೆ. ‘ಬ್ರೇಕ್ ಮ್ಯಾಲೇ ಇಳಿದ್ರೆ ಕೆಳಗ ಹೋಗೋದ್ರಾಗ ಬ್ರೇಕೇ ಇರಲ್ಲ ಅಣ್ಣ,’ ಎನ್ನುತ್ತಾನೆ ಹುಡುಗ, ಕಣ್ಣು ರಸ್ತೆಯಿಂದ ಕೀಳದೆ. ಇಪ್ಪತ್ತಾರು ವರ್ಷದವನ ಬಾಯಲ್ಲಿ ಈ ಮಾತು ಕೇಳಿ ನನಗೆ ಧೈರ್ಯ ಬಂತು.

ಆದರೆ ಎತ್ತರದ ಮೈ ತಿರುವಿನಲ್ಲಿ ವಾಲುತ್ತದೆ. ತಲೆಯ ಮೇಲಿನ ಹೊರೆ ಅದನ್ನು ಇನ್ನಷ್ಟು ವಾಲಿಸುತ್ತದೆ. ಐದನೇ ತಿರುವಿಗೆ ಮಗಳ ಮುಖ ಬೆಳ್ಳಗಾಗಿದೆ. ನಿಂಬೆಹಣ್ಣು ಮೂಸಿಸುತ್ತೇನೆ. ನಮ್ಮ ಪಕ್ಕದ ಗಾಜು ತೆರೆಯುವಂಥದ್ದಲ್ಲ, ಛಾವಣಿಯ ಎಸಿ ಗಾಳಿಯೊಂದೇ ಗತಿ. ಒಂಬತ್ತನೆಯದರಲ್ಲಿ ಪ್ಲಾಸ್ಟಿಕ್ ಚೀಲ ಬೇಕಾಗುತ್ತದೆ. ಸೋಮೇಶ್ವರದಲ್ಲಿ ನಿಂತು, ಮುಖ ತೊಳೆದು, ಮುಂದೆ ಕೂತಿದ್ದ ಬಾವನ ಮಡಿಲಿಗೆ ಅವಳನ್ನು ಕೂರಿಸಲು ಕೇಳಿದೆ. ಹುಡುಗ ಒಪ್ಪಲಿಲ್ಲ. ಮಡಿಲ ಮೇಲೆ ಮಗು ಬೇಡ, ಬಾವನೇ ಹಿಂದೆ ಬರಲಿ, ಮಗು ನಡುವಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರಲಿ, ಅಕ್ಕ ಮುಂದಕ್ಕೆ ಬರಲಿ ಎಂದ. ಸರಿಯಾದ ಮಾತು. ಹಾಗೇ ಮಾಡಿದೆವು.

ಉಡುಪಿಯಲ್ಲಿ ಇಳಿಸಿದಾಗ ಹಾಸಿಗೆ ಚೀಲ ಎರಡೂ ತೊಯ್ದಿದ್ದವು. ಅಕ್ಕಿ ಉಳಿದದ್ದು ಅವ್ವ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದಕ್ಕೆ.

ಎರಡನೇ ದಿನದ ಬಗ್ಗೆ ಗಾಡಿಯ ಮಾತು ಕಡಿಮೆ. ಕೊಲ್ಲೂರು, ಮುರುಡೇಶ್ವರ, ಗೋಕರ್ಣ. ಅಗಲವಾದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ 80ರ ವೇಗಕ್ಕೆ ಎಂಜಿನ್ನು ಪಿಸುಗುಡುತ್ತದೆ, ಎಲ್ಲರಿಗೂ ನಿದ್ದೆ. ಮುರುಡೇಶ್ವರದಲ್ಲಿ ಅವ್ವ ಸೀರೆ ಎತ್ತಿ ಹಿಡಿದು ಕಣಕಾಲು ಮಟ್ಟದ ನೀರಿನಲ್ಲಿ ನಿಂತಳು. ಬಗ್ಗಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆರಕ್ಕೆ ಗೋಕರ್ಣ ಬಿಟ್ಟು ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತುತ್ತಿದ್ದೇವೆ. ಡೀಸೆಲ್ ಎಂದರೆ ಏನೆಂದು ಇಲ್ಲಿ ನೋಡಬೇಕು. 2393 ಸಿಸಿ ಎಂಜಿನ್ನು, 343 ನ್ಯೂಟನ್ ಮೀಟರ್ ಟಾರ್ಕ್. ಸಂಖ್ಯೆಗಿಂತ ಮುಖ್ಯವಾದದ್ದು ಆ ಎಳೆತ ಸುರುವಾಗುವ ಜಾಗ: ಎಂಜಿನ್ನು ನಿಮಿಷಕ್ಕೆ 1400 ಸುತ್ತು ತಿರುಗುವಷ್ಟರಲ್ಲೇ ಪೂರಾ ಬಲ ಸಿಗುತ್ತದೆ. ಹಾಗಾಗಿ ಹುಡುಗ ಮೂರನೇ ಗೇರಿನಲ್ಲೇ ಏರುತ್ತಿದ್ದಾನೆ, ಎಂಜಿನ್ನು ಕಿರುಚುತ್ತಿಲ್ಲ. ಬಲ ಹೋಗುವುದು ಹಿಂದಿನ ಚಕ್ರಕ್ಕೆ, ಭಾರ ಕೂತಿರುವುದೂ ಹಿಂದಿನ ಚಕ್ರದ ಮೇಲೆ. ತೊಯ್ದ ತಿರುವಿನಲ್ಲೂ ಟೈರು ಒಮ್ಮೆಯೂ ಜಾರಲಿಲ್ಲ. ನಮ್ಮ ಮೈಭಾರ ಇಲ್ಲೂ ಗಾಡಿಗೆ ಉಪಯೋಗಕ್ಕೆ ಬಂತು.

ಜೋಗ, ಸಾಗರ, ಶಿವಮೊಗ್ಗ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಏಳುವಾಗ ರಾತ್ರಿ ಎಂಟೂವರೆ. ಹುಡುಗನ ಮನೆ ಇಲ್ಲೇ, ಇದೇ ಊರಿನಲ್ಲಿ. ತನ್ನ ಮನೆಯ ಬೀದಿ ದಾಟಿ ನಮ್ಮನ್ನು ಸೊಕ್ಕೆಗೆ ಬಿಟ್ಟು ಮತ್ತೆ ವಾಪಸು ಬರಬೇಕು. ಬಾಡಿಗೆ ಗಾಡಿಯ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಿಲೋಮೀಟರ್ ಎಣಿಸುವುದು ನಿಮ್ಮ ಮನೆಯಿಂದಲ್ಲ, ಅವರ ಶೆಡ್ಡಿನಿಂದ ಶೆಡ್ಡಿಗೆ. ದಿನಕ್ಕೆ ಕನಿಷ್ಠ 300 ಕಿಲೋಮೀಟರ್, ಓಡಿದರೂ ಓಡದಿದ್ದರೂ. ಡ್ರೈವರ್ ಬಾಟಾ, ಟೋಲು ಬೇರೆ. ನಡುರಾತ್ರಿ ಹನ್ನೆರಡು ದಾಟಿದರೆ ಇನ್ನೊಂದು ದಿನ. ಸೊಕ್ಕೆಯಂಥ ಊರಿನವರು ಖಾಲಿ ಗಾಡಿಯ ಓಡಾಟಕ್ಕೇ 130 ಕಿಲೋಮೀಟರ್ ಕೊಡಬೇಕು.

ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ನಮ್ಮ ಕಟ್ಟೆ. ಸಾಮಾನು ಇಳಿಸಿ ಆಗಿದೆ. ಹುಡುಗ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾನೆ. ಐದು ಗಂಟೆಗೆ ಎದ್ದವನು. ಬಿಳಿಚೋಡು ದಾಟಿದ ಮೇಲೆ ಎರಡು ಸಲ ಅವನು ಗಾಜು ಇಳಿಸಿ ಗಾಳಿಗೆ ಮುಖ ಕೊಟ್ಟದ್ದನ್ನು ನಾನು ಹಿಂದಿನಿಂದ ನೋಡಿದ್ದೇನೆ. ‘ಹನ್ನೆರಡರ ಒಳಗ ಗಾಡಿ ಒಳಗ ಹಾಕ್ಬೇಕು ಅಣ್ಣ, ಇಲ್ಲಾಂದ್ರೆ ನಿಮಗ ನಾಳೆದೂ ಬೀಳ್ತದೆ.’

‘ಬಿದ್ರೆ ಬೀಳ್ಲಿ. ಮಲಕ್ಕೊಂಡು ಹೋಗು ತಮ್ಮ,’ ಅವ್ವ ಪಡಸಾಲೆಯಲ್ಲಿ ಆಗಲೇ ಚಾಪೆ ಬಿಡಿಸಿದ್ದಾಳೆ. ನಾನು ಮಾಲೀಕರಿಗೆ ಫೋನ್ ಮಾಡಿ ಇನ್ನೊಂದು ದಿನದ ಬಾಡಿಗೆ ಒಪ್ಪಿಕೊಂಡೆ. ಹುಡುಗ ಚಾಪೆಗೆ ತಲೆ ಕೊಟ್ಟ ಐದು ನಿಮಿಷಕ್ಕೆ ಗೊರಕೆ. ಹೊರಗೆ ಬಿಸಿ ಎಂಜಿನ್ನು ತಣಿಯುವ ಟಿಕ್ ಟಿಕ್ ಸದ್ದು.

ಗಾಡಿ ಒಳ್ಳೆಯದು. ಎಂಜಿನ್ನು, ಬ್ರೇಕು, ಚೌಕಟ್ಟು ಮೂರಕ್ಕೂ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಇದು ಎಂಟು ಜನರ ಗಾಡಿ ಅಲ್ಲ. ದೂರದ ದಾರಿಗೆ ಡ್ರೈವರ್ ಸೇರಿ ಆರು ಜನ ಸಾಕು. ಹಿಂದಿನ ಸೀಟಿನ ಅರ್ಧವನ್ನು ಮಡಚಿ ಪಕ್ಕಕ್ಕೆ ಎತ್ತಿ ಕಟ್ಟಿದರೆ ಸಾಮಾನೆಲ್ಲ ಒಳಗೆ ಹಿಡಿಯುತ್ತದೆ, ತಲೆಯ ಮೇಲೆ ಹೊರೆ ಇರುವುದಿಲ್ಲ, ಘಾಟಿಯಲ್ಲಿ ವಾಲುವುದೂ ಕಡಿಮೆಯಾಗುತ್ತದೆ. ಇನ್ನೊಂದು ಮಾತು. ಗಾಡಿ ಹಿಡಿಯುವಾಗ ಕಿಲೋಮೀಟರಿಗೆ ಎಷ್ಟು ಎಂದು ಕೇಳುವ ಮೊದಲು ಡ್ರೈವರ್ ಹಿಂದಿನ ರಾತ್ರಿ ಎಲ್ಲಿ ಮಲಗುತ್ತಾನೆ ಎಂದು ಕೇಳಿ. ದೂರದ ಊರಿನವರಾದರೆ ಮೊದಲ ರಾತ್ರಿಯೂ ಕೊನೆಯ ರಾತ್ರಿಯೂ ನಿಮ್ಮ ಮನೆಯಲ್ಲೇ ಮಲಗಿಸಿಕೊಳ್ಳಿ.

ಬೆಳಿಗ್ಗೆ ಆರೂವರೆಗೆ ರೊಟ್ಟಿ ತಿಂದು ಹುಡುಗ ಹೊರಟ. ಎಂಟೂ ಕಾಲಿಗೆ ಫೋನ್ ಬಂತು: ‘ಮುಟ್ಟಿದೆ ಅಣ್ಣ. ಮೀಟರು 1056. ಡೀಸೆಲ್ 86 ಲೀಟರ್. ಅಜ್ಜಿಗೆ ಹೇಳ್ರಿ.’