ಕಪ್ಪು ಗ್ಲಾಸಿನ ವಾಸನೆ

ನಾಲಿಗೆ ಡೈರಿ – 6

ಮೊದಲೇ ಹೇಳಿಬಿಡ್ತೀನಿ. ಇನ್ನೂ 21 ಆಗದವರು ಇದನ್ನ ಕಥೆ ಅಂತ ಓದಿ, ಸಾಕು. 21 ದಾಟಿದವರೂ ಕುಡೀಲೇಬೇಕು ಅಂತೇನಿಲ್ಲ. ಯಾಕೆ ಅಂತ ಕೆಳಗೆ ಬರುತ್ತೆ.

ಹೋದ ವಾರ ಕಪ್ಪು ಗ್ಲಾಸಿನ ಫೋಟೋ ಹಾಕಿದ್ನಲ್ಲ, ಅದಕ್ಕೆ ಬಂದ ಮೆಸೇಜು ಬಹುಪಾಲು ಒಂದೇ: "ಕಿಕ್ ಹೆಂಗಿತ್ತು ಮಗಾ?" ರುಚಿ ಹೆಂಗಿತ್ತು ಅಂತ ಕೇಳಿದ್ದು ಇಬ್ಬರೇ. ಈ ಪೋಸ್ಟು ಆ ಇಬ್ಬರಿಗೆ. ಕಿಕ್ ಕೇಳಿದವರಿಗೂ ಮಧ್ಯೆ ಒಂದು ಲೆಕ್ಕ ಇಟ್ಟಿದೀನಿ, ಬಿಡದೆ ಓದಿ.

ಅದು ಲಯನ್ ಸ್ಟೌಟ್. ಶ್ರೀಲಂಕಾದ್ದು. ಆಲ್ಕೋಹಾಲ್ 8.8%. ಈಗ ತಯಾರಾಗೋದು ಕೊಲಂಬೊ ಪಕ್ಕದಲ್ಲಿ, ಆದ್ರೆ ಅದರ ತವರು ಮೇಲಿನ ಬೆಟ್ಟದೂರು ನುವರ ಎಲಿಯ. ಫೈನಲ್ ಇಯರ್ ಮುಗಿಸಿ ನಾವು ಐದು ಜನ ಹೋಗಿದ್ದೂ ಅಲ್ಲಿಗೇ. ಕ್ಯಾಂಡಿಯಿಂದ ರೈಲು ಹತ್ತಿ ನಾನು ಓಯ ಸ್ಟೇಷನ್ನಲ್ಲಿ ಇಳಿದರೆ ಸುತ್ತ ಟೀ ತೋಟ, ಮಂಜು, ನಮ್ಮ ಮಲೆನಾಡಿನ ಡಿಸೆಂಬರ್ ಥರ ಚಳಿ. ಅವತ್ತು ಹುಣ್ಣಿಮೆ. ಅಲ್ಲಿ ಹುಣ್ಣಿಮೆಗೆ 'ಪೋಯ' ಅಂತಾರೆ, ಇಡೀ ದೇಶದಲ್ಲಿ ಮದ್ಯ ಮಾರೋ ಹಾಗಿಲ್ಲ. ಸರಿ, ಒಂದು ದಿನ ಕಾದ್ವಿ. ಯಾರಿಗೂ ಏನೂ ಆಗ್ಲಿಲ್ಲ.

ಮಾರನೇ ದಿನ ಸಂಜೆ ನಾಲ್ಕು ಜನಕ್ಕೆ 330 ಮಿಲಿಯ ಎರಡು ಬಾಟಲಿ. ಒಬ್ಬೊಬ್ಬರಿಗೆ ಅರ್ಧ ಗ್ಲಾಸು. ಐದನೆಯವನ ವಿಷಯ ಆಮೇಲೆ.

👁️ ನೋಟ: ಕಪ್ಪು. ದೀಪಕ್ಕೆ ಹಿಡಿದರೆ ಮಾತ್ರ ಅಂಚಲ್ಲಿ ಕೆಂಪು ಹೊಳೆಯುತ್ತೆ. ನೊರೆ ಬಿಳಿ ಇರಲ್ಲ, ಎತ್ತಿ ಹೊಯ್ದ ಫಿಲ್ಟರ್ ಕಾಫಿ ನೊರೆ ಬಣ್ಣ.

👃 ವಾಸನೆ: ಹುರಿದ ಕಾಫಿ, ಕಪ್ಪು ಚಾಕೊಲೇಟು. ಹತ್ತು ನಿಮಿಷ ಬಿಟ್ಟರೆ ಖರ್ಜೂರ, ಒಣದ್ರಾಕ್ಷಿ. ಫ್ರಿಜ್ಜಿಂದ ತೆಗೆದ ತಕ್ಷಣ ಮೂಗಿಗೆ ಏನೂ ಸಿಗಲ್ಲ. ತಣ್ಣಗಿದ್ದಾಗ ಅದು ಬಾಯಿ ಮುಚ್ಚಿಕೊಂಡಿರುತ್ತೆ, ಸ್ವಲ್ಪ ಬೆಚ್ಚಗಾದ್ರೆ ಮಾತಾಡುತ್ತೆ.

👅 ರುಚಿ: ಮೊದಲು ಸಿಹಿ, ಕಾಕಂಬಿ ಥರ. ಆಮೇಲೆ ಕಹಿ, ಡಿಕಾಕ್ಷನ್ ತಳದಲ್ಲಿ ಉಳಿಯುತ್ತಲ್ಲ, ಅಂಥದ್ದು. ಗಂಟಲಲ್ಲಿ ಶುಂಠಿ ಕಷಾಯದ ಹಾಗೆ ಬಿಸಿ. ಗುಟುಕು ಇಳಿದ ಮೇಲೂ ಕಹಿ ನಾಲಿಗೆ ಬಿಟ್ಟು ಹೋಗಲ್ಲ.

ಇಷ್ಟೆಲ್ಲ ಕಾಫಿ ಕಾಫಿ ಅಂದ್ನಲ್ಲ, ಅದರಲ್ಲಿ ಕಾಫಿ ಹಾಕಿರಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿನ ಕಾಫಿಬೀಜದ ಹಾಗೇ ಕಪ್ಪಾಗೋವರೆಗೆ ಹುರೀತಾರೆ. 1817ರಲ್ಲಿ ಡೇನಿಯಲ್ ವೀಲರ್ ಅನ್ನೋ ಇಂಗ್ಲೆಂಡಿನವನು ಬಾರ್ಲಿ ಹುರಿಯೋ ಡ್ರಮ್ಮಿಗೆ ಪೇಟೆಂಟ್ ತಗೊಂಡ. ಸ್ಟೌಟಿನ ಇವತ್ತಿನ ಕಪ್ಪು ಬಣ್ಣ, ಸುಟ್ಟ ಕಹಿ ಎಲ್ಲ ಆ ಡ್ರಮ್ಮಿನ ಕೊಡುಗೆ.

ಚಿಕ್ಕಮಗಳೂರು, ಕೊಡಗಿನವರಿಗೆ ಇನ್ನೊಂದು ಮಾತು. ಆ ಟೀ ಬೆಟ್ಟಗಳು ಒಂದು ಕಾಲಕ್ಕೆ ಕಾಫಿ ಬೆಟ್ಟಗಳು. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಳ್ತು. ಎಲೆ ಹಿಂದೆ ಕಿತ್ತಳೆ ಬಣ್ಣದ ಪುಡಿ, ನಮ್ಮ ಮನೆಗಳಲ್ಲಿ ಮಳೆಗೆ ಮುಂಚೆ ಮೈಲುತುತ್ತು-ಸುಣ್ಣ ಕಲಸಿ ಬೋರ್ಡೋ ಹೊಡೆಯೋದು ಅದಕ್ಕೇ. ಮುಂದಿನ ಇಪ್ಪತ್ತು ವರ್ಷದಲ್ಲಿ ಆ ದ್ವೀಪದ ಕಾಫಿ ಹೆಚ್ಚುಕಮ್ಮಿ ನೆಲಕಚ್ಚಿ, ಟೀ ಬಂತು. ಕಾಫಿ ಸತ್ತ ಬೆಟ್ಟದಲ್ಲಿ ಕೂತು ಕಾಫಿ ವಾಸನೆಯ ಬಿಯರು ಮೂಸೋದು, ತೋಟದ ಮನೇಲಿ ಬೆಳೆದವನಿಗೆ ಒಂಥರಾ ಅನ್ನಿಸುತ್ತೆ.

🧮 ಈಗ ಕಿಕ್ ಗಿರಾಕಿಗಳ ಲೆಕ್ಕ. 330 ಮಿಲಿಯ 8.8% ಅಂದ್ರೆ 29 ಮಿಲಿ ಶುದ್ಧ ಆಲ್ಕೋಹಾಲ್. ಅಷ್ಟೇ ಅಳತೆಯ 5% ಬಿಯರಲ್ಲಿ ಇರೋದು 16.5. 42.8% ಇರೋ ವಿಸ್ಕಿಯ 30 ಮಿಲಿ ಪೆಗ್ಗಲ್ಲಿ ಸುಮಾರು 13. ಅಂದ್ರೆ ಒಂದು ಚಿಕ್ಕ ಬಾಟಲಿ ಎರಡು ಪೆಗ್ಗಿಗಿಂತ ಜಾಸ್ತಿ. ಸಿಹಿ ಇರೋದ್ರಿಂದ ಅದು ಗೊತ್ತೇ ಆಗಲ್ಲ, ಮೋಸ ಇರೋದು ಅಲ್ಲೇ. ಜಾಸ್ತಿ ಮಾಲ್ಟ್ ಹಾಕಿದಾಗ ಜಾಸ್ತಿ ಸಕ್ಕರೆ, ಯೀಸ್ಟ್ ಅದನ್ನ ತಿಂದು ಜಾಸ್ತಿ ಆಲ್ಕೋಹಾಲ್. ಆ ದಪ್ಪ, ಆ ಖರ್ಜೂರ ಎಲ್ಲ ಬರೋದೂ ಅದೇ ಮಾಲ್ಟಿಂದ. ಇದನ್ನ ಒಂದೇ ಏಟಿಗೆ ಎತ್ತಿ ಇಳಿಸೋದು ಅಂದ್ರೆ ಬಿಸಿಬೇಳೆಬಾತನ್ನ ಅಗಿಯದೆ ನುಂಗಿದ ಹಾಗೆ. ಹೊಟ್ಟೆಗೆ ಗೊತ್ತಾಗುತ್ತೆ, ನಾಲಿಗೆಗೆ ಗೊತ್ತಾಗಲ್ಲ.

ಈಗ ಐದನೆಯವನು. ಅವನನ್ನ ಕೇಳಿಯೇ ಬರೀತಿದೀನಿ, ಹೆಸರು ಬೇಡ ಅಂದ. ಅವರಪ್ಪ ಎರಡು ವರ್ಷದ ಹಿಂದೆ ಕುಡಿತದಿಂದ ಲಿವರ್ ಹೋಗಿ ತೀರಿಕೊಂಡರು. ಅವನು ಕುಡಿಯಲ್ಲ. ನಮ್ಮಲ್ಲೇ ಒಬ್ಬ "ಬಿಯರ್ ತಾನೇ, ಒಂದು ಗುಟುಕು ತಗೋಳೋ" ಅಂದ. ಟೇಬಲ್ ಸುಮ್ಮನಾಯ್ತು. ಅವನು ಗ್ಲಾಸನ್ನ ಹತ್ತಿರ ಎಳ್ಕೊಂಡ, ಕುಡೀಲಿಲ್ಲ, ಮೂಸಿದ. ಎರಡು ಸಲ.

"ಆಲೆಮನೇಲಿ ಕೊಪ್ಪರಿಗೆ ತಳ ಹಿಡಿದಾಗ ಬರುತ್ತಲ್ಲ, ಆ ವಾಸನೆ" ಅಂದ. ನಾವು ನಾಲ್ವರೂ ಮತ್ತೆ ಮೂಸಿದ್ವಿ. ಹೌದು ಕಣ್ರೀ, ಅದೇ! ಸುಟ್ಟ ಬೆಲ್ಲ. ಕುಡಿದ ನಮಗೆ ಸಿಗದೇ ಇದ್ದ ಪದ ಕುಡಿಯದವನಿಗೆ ಸಿಕ್ಕಿತ್ತು.

ಗ್ಲಾಸನ್ನ ವಾಪಸ್ ತಳ್ಳಿ, ಮೆಲ್ಲಗೆ ಇನ್ನೊಂದು ಮಾತು ಹೇಳಿದ: "ನಮ್ಮಪ್ಪನ ವಾಸನೆ ಹಿಂಗಿರ್ಲಿಲ್ಲ."

ಆಮೇಲೆ ತನಗೊಂದು ಜಿಂಜರ್ ಬಿಯರ್ ಹೇಳಿದ. ಹೆಸರಲ್ಲಷ್ಟೇ ಬಿಯರು ಅದು, ಶುಂಠಿ ಸೋಡಾ. ಒಂದು ಗುಟುಕು ಅಂದಿದ್ದವನೇ ಎದ್ದು ಹೋಗಿ ತಂದುಕೊಟ್ಟ.

ಹಾಗಾಗಿ ನನ್ನ ಕಡೆಯಿಂದ ಎರಡೇ ಮಾತು. ಕುಡಿಯೋರು: ಹಂಚಿಕೊಳ್ಳಿ, ಊಟ ಮಾಡಿ ಕೂತ್ಕೊಳ್ಳಿ, ಬೈಕ್ ಕೀ ಮುಟ್ಟಬೇಡಿ, ಗ್ಲಾಸು ಬೆಚ್ಚಗಾಗೋವರೆಗೆ ಕಾಯಿರಿ. ಬೇಡ ಅಂದವರನ್ನ: ಇನ್ನೊಂದು ಸಲ ಕೇಳಬೇಡಿ. 'ಬೇಡ' ಅನ್ನೋದರ ಹಿಂದೆ ಯಾವ ಮನೆ ಇದೆಯೋ ನಮಗೆ ಗೊತ್ತಿರಲ್ಲ. ಟೇಬಲ್ಲಲ್ಲಿ ಜಾಗ ಮಾತ್ರ ಬಿಡಿ.

ಸುಟ್ಟ ಬೆಲ್ಲದ ವಾಸನೆ ನಿಮಗೆ ಮೊದಲು ಬಂದಿದ್ದು ಎಲ್ಲಿ? ಕಾಮೆಂಟಲ್ಲಿ ಬರೀರಿ. 👇

#ನಾಲಿಗೆಡೈರಿ #ಸ್ಟೌಟ್ #ನುವರಎಲಿಯ #ನಿಧಾನವಾಗಿ