ಮನೆ ಮುಂದಿನ ಗಿಡ, ಆಸ್ಪತ್ರೆಯ ಸೀಸೆ

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು... ನಮ್ಮ ಈ ತಾಲ್ಲೂಕುಗಳಲ್ಲಿ ಎಲ್ಲೇ ಹೋಗಿ, ಒಂದು ಗಿಡ ಮಾತ್ರ ತಪ್ಪದೆ ಕಣ್ಣಿಗೆ ಬೀಳುತ್ತೆ. ಮನೆ ಮುಂದೆ, ದೇವಸ್ಥಾನದ ಹಿಂದೆ, ಸ್ಮಶಾನದ ಬದಿಯಲ್ಲಿ, ಕಾಂಪೌಂಡಿನ ಸಿಮೆಂಟು ಬಿರುಕಲ್ಲಿ. ಐದು ಎಸಳಿನ ಗುಲಾಬಿ ಬಣ್ಣದ ಹೂವು, ಇಲ್ಲವೇ ಬಿಳಿ. ನೀರು ಹಾಕಬೇಕಿಲ್ಲ, ಮೇಕೆಯೂ ಬಾಯಿ ಹಾಕಲ್ಲ. ಕನ್ನಡದಲ್ಲಿ ನಿತ್ಯಪುಷ್ಪ, ಸದಾಪುಷ್ಪ, ಕಾಶಿ ಕಣಗಿಲೆ ಅಂತೆಲ್ಲ ಹೆಸರಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಅವರಿಗೆ ಇದು ಬಿಳ್ಳಗನ್ನೇರು. ಮೂಲದಲ್ಲಿ ಮಡಗಾಸ್ಕರ್ ದ್ವೀಪದ ಗಿಡ, ಈಗ ನಮ್ಮದೇ ಆಗಿಬಿಟ್ಟಿದೆ.

ಇದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ತಿದ್ದೆ. ಕಾರಣ ವಾಟ್ಸಾಪು. ‘ಕ್ಯಾನ್ಸರ್‌ಗೆ ನಿಮ್ಮ ಹಿತ್ತಲಲ್ಲೇ ಮದ್ದಿದೆ, ಡಾಕ್ಟರುಗಳು ಹೇಳಲ್ಲ, ಎಲ್ಲರಿಗೂ ಕಳಿಸಿ’ ಅಂತ ನಮ್ಮ ಕುಟುಂಬದ ಗುಂಪಿನಲ್ಲಿ ಆಗಾಗ ಒಂದು ಸಂದೇಶ ಬರುತ್ತೆ. ತಮಾಷೆ ಅಂದ್ರೆ, ಈ ಗಿಡದ ಮಟ್ಟಿಗೆ ಆ ಮಾತು ಅರ್ಧ ನಿಜ. ಆ ಅರ್ಧ ನಿಜವೇ ನನಗೆ ಭಯ ಹುಟ್ಟಿಸೋದು.

ಮೊದಲು ನಿಜದ ಭಾಗ ಹೇಳ್ತೀನಿ. 1952ರಲ್ಲಿ ಕೆನಡಾದ ಕ್ಲಾರ್ಕ್ ನೋಬಲ್ ಎಂಬ ಡಾಕ್ಟರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗಿದ್ದದ್ದು ಇದೇ ಗಿಡದ ಎಲೆಗಳು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡೀತಿದ್ರು. (ನಮ್ಮಲ್ಲೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇದರ ಎಲೆ, ಹೂವು ಜಗಿಯೋರನ್ನು ನಾನೇ ನೋಡಿದ್ದೀನಿ.) ಅವರು ಆ ಎಲೆಗಳನ್ನು ವೆಸ್ಟರ್ನ್ ಒಂಟಾರಿಯೋ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ರಾಬರ್ಟ್ ನೋಬಲ್‌ಗೆ ಕಳಿಸಿದ್ರು. ಪ್ರಯೋಗದಲ್ಲಿ ಇಲಿಗಳ ಸಕ್ಕರೆ ಇಳಿಯಲಿಲ್ಲ, ಇಳಿದದ್ದು ಬಿಳಿ ರಕ್ತಕಣಗಳ ಸಂಖ್ಯೆ! ರಕ್ತದ ಕ್ಯಾನ್ಸರ್ ಅಂದರೆ ಬಿಳಿ ರಕ್ತಕಣಗಳು ಹತೋಟಿ ತಪ್ಪಿ ಬೆಳೆಯೋದೇ ತಾನೇ? ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಸೇರಿ ಆ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಔಷಧವನ್ನು ಬೇರ್ಪಡಿಸಿ 1958ರಲ್ಲಿ ಲೋಕಕ್ಕೆ ತಿಳಿಸಿದ್ರು. ಅದೇ ಹೊತ್ತಿಗೆ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡ ಎಂಬುವರೂ ಇದೇ ಗಿಡದ ಹಿಂದೆ ಬಿದ್ದಿದ್ರು. ಅಲ್ಲಿಂದ ಬಂದದ್ದು ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ತು.

ಶಿಡ್ಲಘಟ್ಟದವನಾದ ನನಗೆ ಇದರ ಕೆಲಸ ರೇಷ್ಮೆ ನೂಲಿನ ಭಾಷೆಯಲ್ಲೇ ಅರ್ಥವಾಗೋದು. ಒಂದು ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ಸಣ್ಣ ಎಳೆಗಳು ಹುಟ್ಟಿ, ವರ್ಣತಂತುಗಳನ್ನು ಎರಡೂ ಕಡೆಗೆ ಎಳೀತವೆ. ವಿನ್‌ಕ್ರಿಸ್ಟಿನ್ ಆ ಎಳೆ ಕಟ್ಟೋದಕ್ಕೇ ಬಿಡಲ್ಲ. ಎಳೆ ಇಲ್ಲದೆ ಕೋಶ ಎರಡಾಗಲ್ಲ, ಸಾಯುತ್ತೆ. ಕ್ಯಾನ್ಸರ್ ಕೋಶ ಬೇಗ ಬೇಗ ಒಡೆಯೋದರಿಂದ ಅದಕ್ಕೇ ಹೆಚ್ಚು ಪೆಟ್ಟು. ಆದರೆ ಪೆಟ್ಟು ಅದಕ್ಕೆ ಮಾತ್ರ ಅಲ್ಲ. ಕೈಕಾಲು ಜೋಮು ಹಿಡಿಯುತ್ತೆ, ಮಲಬದ್ಧತೆ ಕಾಡುತ್ತೆ, ಕೂದಲು ಉದುರುತ್ತೆ. ರಕ್ತನಾಳಕ್ಕೆ ಹೋಗಬೇಕಾದ ಈ ಮದ್ದು ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು.

ಇಷ್ಟೆಲ್ಲ ನಾನು ಓದಿಕೊಂಡದ್ದು ಹುಡುಗಾಟಕ್ಕಲ್ಲ. ನಮ್ಮ ಅಕ್ಕನನ್ನು ಗೌರಿಬಿದನೂರಿಗೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ಅವಳ ಮಗನಿಗೆ, ಆಗ ಆರು ವರ್ಷ, ಬಿಟ್ಟೂ ಬಿಡದ ಜ್ವರ. ಎಲ್ಲೂ ಬೀಳದೇ ಇದ್ರೂ ಮೈಮೇಲೆ ನೀಲಿ ಕಲೆ. ಚಿಕ್ಕಬಳ್ಳಾಪುರದಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಚೀಟಿ ಬರೆದು, "ಇವತ್ತೇ ಬೆಂಗಳೂರಿಗೆ ಕರ್ಕೊಂಡು ಹೋಗಿ" ಅಂದ್ರು. ಅದು ರಕ್ತದ ಕ್ಯಾನ್ಸರ್.

ಆಸ್ಪತ್ರೆಗೆ ಸೇರಿಸಿ ವಾರ ಆಗಿತ್ತು. ಚಿಂತಾಮಣಿಯಿಂದ ದೊಡ್ಡಪ್ಪ ಬಂದ್ರು. ಮಗುವಿನ ತಲೆ ಸವರಿ ಆಚೆ ಬಂದವರೇ, "ನೋಡಪ್ಪಾ, ಸೂಜಿ ಚುಚ್ಚಿ ಚುಚ್ಚಿ ಮಗೂನ ಹಣ್ಣು ಮಾಡ್ಬಿಟ್ಟವ್ರೆ. ನಾಟಿ ಔಸ್ದಿ ಕೊಡೋರು ಒಬ್ರು ಗೊತ್ತವ್ರೆ, ಕರ್ಕೊಂಡು ಹೋಗೋಣ" ಅಂದ್ರು. ಭಾವ ಮಾತಾಡಲಿಲ್ಲ, ಅಕ್ಕನೂ ಮಾತಾಡಲಿಲ್ಲ. ಇಬ್ಬರ ಮುಖದಲ್ಲೂ ಆಸೆ ಕಾಣಿಸ್ತು.

ನಾನು ಔಷಧಿ ಚೀಟಿ ತೋರಿಸಿದೆ. "ದೊಡ್ಡಪ್ಪ, ಈ ಸೂಜಿ ಮದ್ದು ನಿಮ್ಮ ಮನೆ ಮುಂದಿನ ಬಿಳ್ಳಗನ್ನೇರು ಗಿಡದ್ದೇ" ಅಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಹಂಗಾದ್ರೆ ಆ ಗಿಡಾನೇ ಅರೆದು ಕುಡಿಸಬೌದಲ್ಲಪ್ಪಾ? ಇಷ್ಟು ಖರ್ಚು ಯಾಕೆ?"

ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗೆ ಕೇಳಬಹುದು. ಉತ್ತರ ಇಷ್ಟೇ. 1 ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯೋಕೆ ಸುಮಾರು 500 ಕಿಲೊ ಒಣಗಿದ ಎಲೆ ಬೇಕು. 1 ಗ್ರಾಂ ವಿನ್‌ಕ್ರಿಸ್ಟಿನ್‌ಗೆ 2 ಟನ್‌ಗೂ ಹೆಚ್ಚು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸಲ್ಲ. ಅಂದ್ರೆ ಹೆಚ್ಚು ಕಮ್ಮಿ ಒಂದು ರಾಗಿ ಕಾಳಿನ ತೂಕ! ಆ ಒಂದು ರಾಗಿ ಕಾಳಿನಷ್ಟು ಮದ್ದಿಗೆ 4 ಕಿಲೊ ಒಣ ಎಲೆ. ಎಲೆಯಲ್ಲಿ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳೂ ಇವೆ, ಕೆಲವು ವಿಷವೇ. ಅರೆದು ಕುಡಿಸಿದರೆ ಮದ್ದು ಸಾಲಲ್ಲ, ವಿಷ ಮಾತ್ರ ಮೈಗೆ ಸೇರುತ್ತೆ. ಅದೂ ಅಲ್ದೆ ವಿನ್‌ಕ್ರಿಸ್ಟಿನ್ ಒಂದೇ ಕೊಡೋದಲ್ಲ, ನಾಲ್ಕಾರು ಔಷಧಗಳ ಜೊತೆ ಲೆಕ್ಕ ಹಾಕಿ ಎರಡು ಮೂರು ವರ್ಷ ಕೊಡಬೇಕು.

ರಾಗಿ ಕಾಳಿನ ಲೆಕ್ಕ ದೊಡ್ಡಪ್ಪನಿಗೆ ಹಿಡಿಸ್ತು. ಜೀವನವೆಲ್ಲ ರಾಗಿ ಅಳೆದವರು. "ಅಷ್ಟು ಸಣ್ಣ ತೂಕ ನಮ್ಮ ಕೈಲಿ ಆಗಲ್ಲ ಬಿಡು" ಅಂದು ಸುಮ್ಮನಾದ್ರು. ಹುಡುಗನ ಚಿಕಿತ್ಸೆ ಮುಗಿಯೋಕೆ ಎರಡೂವರೆ ವರ್ಷ ಹಿಡೀತು. ಈಗ ಶಾಲೆಗೆ ಹೋಗ್ತಾನೆ, ಕ್ರಿಕೆಟ್ಟು ಆಡ್ತಾನೆ, ಹೇಳಿದ ಮಾತು ಕೇಳಲ್ಲ :) 1950ರ ದಶಕದಲ್ಲಿ ಈ ಕಾಯಿಲೆ ಬಂದ ಮಕ್ಕಳು ಹೆಚ್ಚುಕಮ್ಮಿ ಎಲ್ಲರೂ ತೀರಿಕೊಳ್ತಿದ್ರು. ಮಕ್ಕಳಲ್ಲಿ ಹೆಚ್ಚಾಗಿ ಕಾಣೋ ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ ಈಗ ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಕ್ಕಳು ಬದುಕ್ತಾರೆ.

ಆದರೆ ನಮ್ಮ ಸಂಬಂಧಿಕರಲ್ಲೇ ಇನ್ನೊಬ್ಬರು, ವರಸೆಯಲ್ಲಿ ನನಗೆ ಅತ್ತೆ, ಎದೆಯಲ್ಲಿ ಗಂಟು ಇಟ್ಕೊಂಡು ಎಂಟು ತಿಂಗಳು ಕಷಾಯ ಕುಡಿದು, ಸೊಪ್ಪು ಅರೆದು ಕಟ್ಟಿಸಿಕೊಂಡರು. ಕೊಟ್ಟವರು ಯಾರು, ಎಲ್ಲಿ ಅನ್ನೋದು ಬೇಡ. ಆಸ್ಪತ್ರೆಗೆ ಹೋದಾಗ ಗಂಟು ಒಡೆದಿತ್ತು, ಮೂಳೆಗೂ ಹರಡಿತ್ತು. ಅವರು ಉಳಿಯಲಿಲ್ಲ. ಯೇಲ್ ವಿಶ್ವವಿದ್ಯಾಲಯದ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಪಡಿಸಬಹುದಾದ ಹಂತದಲ್ಲಿದ್ದೂ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಮದ್ದು ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಕಂಡಿತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು. ಓದಿದಾಗ ಅತ್ತೆಯ ಮುಖ ನೆನಪಾಯ್ತು.

ಹಾಗಂತ ಗಿಡಮೂಲಿಕೆಯನ್ನೇ ತೆಗಳೋಕೆ ನಾನು ತಯಾರಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲೇ ದುರ್ವಾಸನೆ ಮರ ಅಂತ ಒಂದಿದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇದೆ ಅಂತ 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದ್ರು. ಕ್ಯಾಂಪ್ಟೊಥೆಸಿನ್ನಿಂದ ರೂಪಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಗಳು ಅಂಡಾಶಯದ, ಕರುಳಿನ ಕ್ಯಾನ್ಸರ್‌ಗೆ ಬಳಕೆಯಲ್ಲಿವೆ. ಬೇಡಿಕೆ ಬಂದದ್ದೇ ತಡ, ಕಾಡಲ್ಲಿ ಆ ಮರಗಳಿಗೆ ಕೊಡಲಿ ಬಿತ್ತು. ನಾವು ಬೆಂಗಳೂರಿಗೆ ಹೋಗುವಾಗ ದಾರಿಯಲ್ಲೇ ಸಿಗೋ ಜಿಕೆವಿಕೆಯಲ್ಲಿ ಆರ್. ಉಮಾಶಂಕರ್ ಮತ್ತವರ ಸಂಗಡಿಗರು ಈ ಮರದ ಬಗ್ಗೆ, ಅದರೊಳಗಿದ್ದು ಅದೇ ಔಷಧ ತಯಾರಿಸೋ ಶಿಲೀಂಧ್ರಗಳ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ನಿತ್ಯಪುಷ್ಪದ ಔಷಧಕ್ಕೆ ಬೇಕಾದ ಮೂಲವಸ್ತುಗಳನ್ನು 2022ರಲ್ಲಿ ವಿಜ್ಞಾನಿಗಳು ಯೀಸ್ಟ್‌ನಲ್ಲೇ ತಯಾರಿಸಿ ತೋರಿಸಿದ್ದಾರೆ.

ನಾಟಿ ವೈದ್ಯರ ಮನೆ ಮುಂದೆ ಸಾಲು ನಿಲ್ಲೋರನ್ನು ಹಂಗಿಸೋಕೂ ನನಗೆ ಮನಸ್ಸಿಲ್ಲ. ದುಡ್ಡಿನ ಭಯ, ಸೂಜಿಯ ಭಯ, ‘ಕ್ಯಾನ್ಸರ್ ಅಂದ್ರೆ ಹೋದಂಗೇ’ ಅನ್ನೋ ಭಯ ಎಲ್ಲಾ ಸೇರಿ ಅಲ್ಲಿಗೆ ಕರ್ಕೊಂಡು ಹೋಗುತ್ತೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ ಅನ್ನೋದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ವಾಟ್ಸಾಪಿನಲ್ಲಿ ಅದನ್ನು ಕಳಿಸಿದರೆ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ.

ಮನೆ ಮುಂದೆ ನಿತ್ಯಪುಷ್ಪ ಇದ್ದರೆ ಇರಲಿ, ಹೂವು ಕಿತ್ತು ದೇವರಿಗೆ ಇಡಿ. ಆದರೆ ಗಂಟು ಕಂಡರೆ, ಬಿಡದ ಜ್ವರ ಬಂದರೆ, ಮೊದಲ ಬಸ್ಸು ಆಸ್ಪತ್ರೆ ಕಡೆಗೇ ಹತ್ತಿ. ಈಗಾಗಲೇ ಯಾವುದಾದರೂ ಕಷಾಯ ಕುಡೀತಿದ್ರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈದರೆ ಬೈಯಲಿ, ಲೆಕ್ಕ ಅವರಿಗೆ ಗೊತ್ತಿರಬೇಕು.