ಕಡ್ಡಿ ಎಣಿಸಿ ಕೊಡುವ ಲೆಕ್ಕ

ಸ್ಪೇನಿನ ಉತ್ತರ ಕರಾವಳಿಯ ಸ್ಯಾನ್ ಸೆಬಾಸ್ಟಿಯನ್ ಊರನ್ನು ಬಾಸ್ಕ್ ಜನ ದೊನೊಸ್ತಿಯಾ ಅನ್ನುತ್ತಾರೆ. ಅಲ್ಲಿಗೆ ಹೋದರೆ ‘ತಾಪಸ್ ಎಲ್ಲಿ ಸಿಗುತ್ತೆ’ ಅಂತ ಕೇಳಬೇಡಿ. ಅಲ್ಲಿ ಅದು ಪಿಂಚೊ. ಚುಚ್ಚುವುದು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದ ಹೆಸರು. ಬ್ರೆಡ್ಡಿನ ತುಂಡಿನ ಮೇಲೆ ಮೀನೋ, ಆಮ್ಲೆಟ್ಟೋ, ಅಣಬೆಯೋ ಇಟ್ಟು, ಜಾರದಂತೆ ಒಂದು ಕಡ್ಡಿ ಚುಚ್ಚಿರುತ್ತಾರೆ. ನಮ್ಮ ದರ್ಶಿನಿಯಂತೆ ನಿಂತೇ ತಿನ್ನಬೇಕು. ದರ್ಶಿನಿಯಲ್ಲಿ ಮೊದಲು ಟೋಕನ್, ಆಮೇಲೆ ಇಡ್ಲಿ. ಇಲ್ಲಿ ಮೊದಲು ಊಟ. ಹೊರಡುವಾಗ ತಟ್ಟೆಯಲ್ಲಿ ಉಳಿದ ಕಡ್ಡಿಗಳನ್ನು ಎಣಿಸಿ ದುಡ್ಡು. ಎಲ್ಲ ಕಡೆ ಹೀಗಿಲ್ಲ, ನಾವು ಹೋದ ಪುಟ್ಟ ಬಾರಿನಲ್ಲಿ ಹೀಗಿತ್ತು.

ಮೂವರು ಹೋಗಿದ್ದೆವು. ಹಾಸ್ಟೆಲ್ಲಿನ ಕಾಲದಿಂದ ಊರಿನ ಹೆಸರಿನಿಂದಲೇ ಕರೆದುಕೊಳ್ಳುವವರು: ಶಿರಸಿ, ಹಾಸನ ಮತ್ತು ನಾನು. ಶಿರಸಿ ಶುದ್ಧ ಸಸ್ಯಾಹಾರಿ. ಅಲ್ಲಿನ ಹೆಸರುವಾಸಿ ಪಿಂಚೊ ‘ಹಿಲ್ದಾ’, ಅಂದರೆ ಆಲಿವ್, ವಿನೆಗರಿನಲ್ಲಿ ನೆನೆಸಿದ ಹಸಿಮೆಣಸು, ಉಪ್ಪು ಹಾಕಿದ ಆಂಚೊವಿ ಮೀನು. 1946ರ ‘ಗಿಲ್ಡಾ’ ಚಿತ್ರದಲ್ಲಿ ರೀಟಾ ಹೇವರ್ತ್ ಮಾಡಿದ ಪಾತ್ರದ ಹೆಸರನ್ನೇ ಇದಕ್ಕಿಟ್ಟರು. ಎರಡೂ ಸ್ವಲ್ಪ ಖಾರವಂತೆ! ಶಿರಸಿ ಅದನ್ನು ನೋಡಿ, ‘ಮೀನು ತೆಗೆದು ಅಪ್ಪೆಮಿಡಿ ಇಟ್ಟಿದ್ರೆ ನಾನೂ ತಿಂತಿದ್ದೆ ಮಾರಾಯ’ ಅಂದು, ಉಪ್ಪು ಉದುರಿಸಿದ ಗೆರ್ನಿಕಾ ಮೆಣಸಿನಕಾಯಿಯ ಹುರಿದ ತಟ್ಟೆ ಎಳೆದುಕೊಂಡ. ಖಾರವೇ ಇಲ್ಲ ಎಂಬುದು ಅವನ ತಕರಾರು.

ಕೌಂಟರಿನ ಹಿಂದೆ ಐವತ್ತು ದಾಟಿದ ಹೆಂಗಸು. ಬಾಟಲಿಯನ್ನು ತಲೆಯೆತ್ತರಕ್ಕೆ ಹಿಡಿದು ಚಾಕೊಲಿ ಎಂಬ ಬಿಳಿ ವೈನ್ ಸುರಿಯುತ್ತಿದ್ದಳು. ಒಳಗಿದ್ದ ಹುಡುಗಿಯೊಡನೆ ಆಡುತ್ತಿದ್ದದ್ದು ಸ್ಪ್ಯಾನಿಷ್ ಅಲ್ಲ. ಹಾಸನ ಕೇಳಿದ, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿಗೆ ಬಾಸ್ಕ್ ಬಿಟ್ಟು ಬೇರೆ ಬಾರದು. ಅಮ್ಮನ ಕಾಲ ಫ್ರಾಂಕೊನದು. ಶಾಲೆಯಲ್ಲಿ ಆ ಭಾಷೆ ಆಡಿದ ಮಕ್ಕಳಿಗೆ ಶಿಕ್ಷೆ. ಹೆದರಿದ ಅಮ್ಮ ಮಗಳಿಗೆ ಕಲಿಸಲಿಲ್ಲ. ಇವಳು ನಲವತ್ತರ ಹೊತ್ತಿಗೆ ರಾತ್ರಿ ತರಗತಿಗೆ ಸೇರಿದಳು. ‘ಈಗ ಮಗಳು ನನ್ನ ವ್ಯಾಕರಣ ತಿದ್ದುತ್ತಾಳೆ’ ಅಂತ ನಕ್ಕಳು. ಅಜ್ಜಿ ಅಷ್ಟು ಹೊತ್ತಿಗೆ ಇರಲಿಲ್ಲ ಅನ್ನುವುದನ್ನು ನಗದೆ ಹೇಳಿದಳು.

ಅವರ ಭಾಷೆಯಲ್ಲಿ ಬಾಸ್ಕ್ ವ್ಯಕ್ತಿಗೆ ‘ಎವುಸ್ಕಲ್ದುನ್’ ಎನ್ನುತ್ತಾರೆ. ಭಾಷೆಯನ್ನು ಉಳ್ಳವನು ಎಂದರ್ಥ. ಆ ಭಾಷೆಗೆ ಜಗತ್ತಿನಲ್ಲಿ ನೆಂಟರೇ ಇಲ್ಲ, ಯಾವ ಕುಟುಂಬಕ್ಕೂ ಸೇರಿದ್ದಲ್ಲ. ಹಾಗೆ ನೋಡಿದರೆ ನಮ್ಮದಕ್ಕೆ ತಮಿಳು, ತೆಲುಗು, ತುಳು ಎಂದು ಮನೆ ತುಂಬ ನೆಂಟರು.

ಹಾಸನ ಆಮೇಲೆ ಹೆಚ್ಚು ಮಾತಾಡಲಿಲ್ಲ. ಅವನಿರುವುದು ಜರ್ಮನಿಯಲ್ಲಿ. ಮಗನಿಗೆ ಜರ್ಮನ್, ಇಂಗ್ಲಿಷ್ ಬರುತ್ತದೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಹುಡುಗ ‘ಹಾಯ್ ಅಜ್ಜಿ’ ಅಂದು ಎದ್ದು ಹೋಗುತ್ತಾನೆ. ಮೊದಲೆಲ್ಲ ಅಜ್ಜಿ ‘ಇನ್ನೊಂದು ಸಲ ಕರಿ ಅವನ್ನ’ ಅನ್ನುತ್ತಿದ್ದರಂತೆ. ಈಗ ಅವರೇ ‘ಸುಸ್ತಾಗಿರ್ಬೇಕು, ಬಿಡು ಮಗ’ ಅನ್ನುತ್ತಾರೆ. ಇಲ್ಲಿ ಯಾವ ಮೇಷ್ಟರೂ ಯಾರಿಗೂ ಹೊಡೆದಿರಲಿಲ್ಲ.

ಕಡ್ಡಿ ಎಣಿಸಿದೆವು, ಹತ್ತೊಂಬತ್ತು. ತನ್ನವು ಐದೇ ಅಂತ ಶಿರಸಿ ವಾದಿಸಿದ. ಹಾಸನ ದುಡ್ಡು ಕೊಟ್ಟು, ಆಗಷ್ಟೇ ಕಲಿತ ‘ಎಸ್ಕೆರ್ರಿಕ್ ಅಸ್ಕೊ’ ಹೇಳಿ ಬಂದ. ಗಲ್ಲಿಯಲ್ಲಿ ಮಳೆ ಜಿನುಗುತ್ತಿತ್ತು.

‘ಅವನಿಗೀಗ ಹದಿನಾಲ್ಕು ಕಣೋ’ ಅಂದ.

‘ಅಮ್ಮನಿಗೆ?’

‘ಎಂಬತ್ತೊಂದು.’